ವಿಶೇಷ ಶಾಲೆಗೆ ನೂರರ ಲೆಕ್ಕ ಬೇಡ

ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶಿಸಿದೆ. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಏರ್ಪಡಿಸಿಕೊಂಡರೆ ಸಾಕು. ನಿರ್ದೇಶನ ಸ್ವಾಗತಾರ್ಹ. ಆದರೆ ಅಂಗವಿಕಲ ಮಕ್ಕಳ ಎಷ್ಟೋ ವಸತಿ ಶಾಲೆಗಳಲ್ಲಿ ನೂರು ಮಕ್ಕಳಿರುವುದಿಲ್ಲ. ಆಸರೆ ಹೆಚ್ಚು ಬೇಕಾದ ಕಡೆಯೇ ಅದು ತೆಳುವಾಗುವ ಅಪಾಯ ಇಲ್ಲಿದೆ.

ನಡುರಾತ್ರಿ ಹೊಟ್ಟೆ ಹಿಡಿದು ಎದ್ದು ಕೂತ, ಕಿವಿ ಕೇಳದ ಮಗು ಸನ್ನೆಯಲ್ಲಿ ಹೇಳುವುದು ವಾರ್ಡನ್‌ಗೆ ತಿಳಿಯದಿದ್ದರೆ ಬೆಳಗಿನವರೆಗೂ ಆ ನೋವಿಗೆ ಮದ್ದಿಲ್ಲ. ಮೂರ್ಛೆರೋಗದ ಮಾತ್ರೆ ಒಂದು ಹೊತ್ತು ತಪ್ಪಿದರೂ ಫಿಟ್ಸ್ ಮರುಕಳಿಸಬಹುದು. ಮಾತು ಬಾರದ ಮಗುವಿನ ಸಿಟ್ಟು ಹಟವಲ್ಲ, ಹಲ್ಲುನೋವೂ ಆಗಿರಬಹುದು. ಇದನ್ನು ಗುರುತಿಸಲು ಮಗುವನ್ನು ದಿನವೂ ನೋಡುವ ಕಣ್ಣು ಬೇಕು. ಜಿಲ್ಲಾ ಆಸ್ಪತ್ರೆಯ ಫೋನ್ ನಂಬರು ಗೋಡೆಗೆ ಅಂಟಿಸಿದರೆ ಸಾಲದು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದ್ದರೂ ಈ ಮಕ್ಕಳ ಆರೈಕೆ ಇನ್ನೂ ಸಿಬ್ಬಂದಿಯ ಒಳ್ಳೆಯತನವನ್ನೇ ನೆಚ್ಚಿಕೊಂಡಿರುವುದು ಸರಿಯಲ್ಲ. ವಸತಿಯುತ ವಿಶೇಷ ಶಾಲೆಗಳಿಗೆ ರಾಜ್ಯ ಸರ್ಕಾರ ಈ ನೂರರ ಮಿತಿಯನ್ನು ಅನ್ವಯಿಸಬಾರದು. ರಾತ್ರಿಯೂ ಶಾಲೆಯಲ್ಲೇ ಇರುವ ನರ್ಸ್, ಸನ್ನೆ ಭಾಷೆ ಬಲ್ಲ ಆಪ್ತಸಮಾಲೋಚಕ, ಪ್ರತಿ ಮಗುವಿಗೂ ಔಷಧಿ ದಾಖಲೆ ಪುಸ್ತಕ: ಇಷ್ಟನ್ನು ಅನುದಾನದ ಷರತ್ತಾಗಿಸಬೇಕು, ಅದಕ್ಕೆ ತಗಲುವ ಸಂಬಳವನ್ನೂ ಸರ್ಕಾರವೇ ಭರಿಸಬೇಕು.