ಮುಚ್ಚಳ ತೆರೆಯುವ ಚಟ

ವಿಲ್ಸನ್ ಗಾರ್ಡನ್‌ನ ಗೃಹಿಣಿಯೊಬ್ಬರಿಗೆ ಭಾನುವಾರ ಬಂತೆಂದರೆ ಕೇಕ್ ಮಾಡುವ ಹುಚ್ಚು. ಹಾಸನದ ಕಡೆಯ ಅಯ್ಯಂಗಾರರು ಬೆಂಗಳೂರಿನ ತುಂಬ ಬೇಕರಿ ತೆರೆದಿರುವಾಗ ಮನೆಯಲ್ಲೇಕೆ ಈ ಪಾಡು ಎಂದು ಯಜಮಾನರ ಗೊಣಗಾಟ. ಅವನ್ ಇಲ್ಲ, ಹಳೆಯ ಕುಕ್ಕರೇ ಗತಿ. ತಳಕ್ಕೆ ಮರಳು ಹರಡಿ, ಮುಚ್ಚಳದ ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆದಿಟ್ಟು, ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಮೊಟ್ಟೆಯ ಬದಲು ಮೊಸರು. ಅದರ ಹುಳಿಗೆ ಅಡುಗೆ ಸೋಡಾ ಸೇರಿದಾಗ ಇಂಗಾಲದ ಡೈಆಕ್ಸೈಡ್ ಹೊಮ್ಮಿ ಹಿಟ್ಟು ಉಬ್ಬುತ್ತದೆ.

ಆದರೂ ಕೇಕಿನ ನಡುಭಾಗ ಕುಸಿಯುತ್ತಿತ್ತು. ಸೋಡಾ ಹಳತು, ಮೊಸರು ಸಿಹಿ ಎಂದು ಹತ್ತು ನೆಪ. ನಿಜವಾದ ಕಾರಣ ಹೇಳಿದ್ದು ಪಿಯುಸಿ ಓದುವ ಮಗಳು: "ಅಮ್ಮಾ, ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೀತೀಯ. ನಾನು ಓದ್ತಾ ಇದ್ರೂ ಹಾಗೇ ಬಾಗಿಲು ತೆಗೀತೀಯ."

ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ಕಾವು ಇಳಿದರೆ ಒಳಗಿನ ಗುಳ್ಳೆಗಳು ಕುಸಿಯುತ್ತವೆ. ಇದು ಅವರಿಗೆ ಗೊತ್ತಿರದ ಸಂಗತಿಯೇನಲ್ಲ. ತಾವು ಕಾಳಜಿ ಎಂದುಕೊಂಡಿದ್ದು ಅಪನಂಬಿಕೆಯೂ ಆಗಿರಬಹುದು ಎಂಬುದು ಮಾತ್ರ ಹೊಸದು.

ಮುಂದಿನ ಭಾನುವಾರ ಅರ್ಧ ಗಂಟೆ ಅವರು ಹೊರಗಿನ ಮೆಟ್ಟಿಲ ಮೇಲೆ ಕುಳಿತು ಹೂ ಕಟ್ಟಿದರು. ಎರಡು ಸಲ ಎದ್ದರು, ಎರಡು ಸಲವೂ ಮತ್ತೆ ಕುಳಿತರು. ಕೇಕ್ ಉಬ್ಬಿತ್ತು; ತಳ ತುಸು ಸೀದಿತ್ತು. ಮಗಳ ಕೋಣೆಯ ಬಾಗಿಲನ್ನು ಆ ದಿನ ತಟ್ಟಿ, ಒಳಗಿನಿಂದ ಉತ್ತರ ಬರುವವರೆಗೆ ತಟ್ಟೆ ಹಿಡಿದು ನಿಂತಿದ್ದರು.