ಮೊದಲು ಪಾಸ್‌ಬುಕ್ ತೆಗೆಯಿರಿ

ಮೆಟ್ಟೂರು ಅಣೆಕಟ್ಟು 120 ಅಡಿ ತುಂಬಲು ಇನ್ನೆಷ್ಟು ಬಾಕಿ, ಹೊಗೇನಕಲ್ಲಿನಲ್ಲಿ ಎಷ್ಟು ಕ್ಯೂಸೆಕ್ ಹರಿಯುತ್ತಿದೆ ಎಂದು ಕೇಳಿದರೆ ನಮ್ಮೂರಿನವರು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಪೋಕರಿನಲ್ಲಿ ಈ ವರ್ಷ ಎಷ್ಟು ಕಳೆದೆ ಎಂದು ಕೇಳಿ ನೋಡಿ. ‘ಹೆಚ್ಚುಕಮ್ಮಿ ಸರಿಸಮ’ ಎಂಬ ಉತ್ತರ ಬರುತ್ತದೆ. ಹಾಗೆ ಹೇಳುವವನು ಸೋತವನೇ. ಗೆದ್ದವನು ಮೊತ್ತವನ್ನೇ ಹೇಳುತ್ತಾನೆ.

ಇಂಥವರು ಚಹಾ ಹೀರುತ್ತಾ, ಕಟ್ಟುವ ಹಣಕ್ಕೆ ಮಿತಿಯಿರುವ ಲಿಮಿಟ್ ಲಾಭವೋ ಮಿತಿಯಿಲ್ಲದ ನೋ-ಲಿಮಿಟ್ ಲಾಭವೋ ಎಂದು ಚರ್ಚೆ ಹೂಡುತ್ತಾರೆ! 10-20 ರೂಪಾಯಿಯ ಲಿಮಿಟ್ ಮೇಜಿನಲ್ಲಿ ಒಂದು ಸುತ್ತಿಗೆ ನಾಲ್ಕೇ ಸಲ ಕಟ್ಟಬಹುದು ಎಂದಿದ್ದರೆ, ಒಂದು ಕೈಯಲ್ಲಿ ಹೆಚ್ಚೆಂದರೆ 240 ರೂಪಾಯಿ ಹೋಗುತ್ತದೆ. ನೋ-ಲಿಮಿಟ್‌ನಲ್ಲಿ ಮುಂದಿಟ್ಟ ಎರಡು ಸಾವಿರವೂ ಒಂದೇ ಕೈಯಲ್ಲಿ ಹೋಗಬಹುದು. ಜೋಡಿ ಎಕ್ಕ ಹಿಡಿದವನೂ ಜೋಡಿ ರಾಜನೆದುರು ಹೆಚ್ಚುಕಡಿಮೆ ಐದಕ್ಕೊಂದು ಸಲ ಸೋಲುತ್ತಾನೆ. ಹಾಗಾದರೆ ಲಿಮಿಟ್ ಕ್ಷೇಮ ಎನ್ನುವಿರೋ? 200 ರೂಪಾಯಿಯ ಪಾಟ್‌ನಲ್ಲಿ ಮೇಜಿನವನು ನೂರಕ್ಕೆ ಐದು ಹಿಡಿದರೆ ಹತ್ತು ರೂಪಾಯಿ. ಗಂಟೆಗೆ ಮೂವತ್ತು ಕೈ ಆದರೆ ಮುನ್ನೂರು ರೂಪಾಯಿ ಮೇಜಿನಿಂದ ಎದ್ದು ಹೋಯಿತು, ಯಾರು ಗೆದ್ದರೂ ಸರಿ. ಸಣ್ಣ ಪಂದ್ಯದ ಸಣ್ಣ ಗೆಲುವನ್ನು ತಿನ್ನಲು ಇಷ್ಟು ಸಾಕು.

ಇನ್ನು ಎದುರಾಳಿ. ಇಬ್ಬರಾಡುವ ಲಿಮಿಟ್ ಹೋಲ್ಡೆಮ್ ಪೋಕರನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಕಂಪ್ಯೂಟರ್ 2015ರಲ್ಲೇ ಬಹುತೇಕ ಬಿಡಿಸಿಟ್ಟಿತು. 2017ರಲ್ಲಿ ಲಿಬ್ರೇಟಸ್ ಎಂಬ ಪ್ರೋಗ್ರಾಂ ನಾಲ್ವರು ವೃತ್ತಿಪರರನ್ನು ನೋ-ಲಿಮಿಟ್‌ನಲ್ಲಿ ಮಣಿಸಿತು. ಮೊಬೈಲಿನಲ್ಲಿ ಆಡುವಾಗ ಆಚೆ ಕೂತಿರುವುದು ಮನುಷ್ಯನೇ ಎಂದು ನಿಮಗೆ ಯಾರು ಹೇಳಿದರು?

‘ಕೋರ್ಟೇ ಕೌಶಲದ ಆಟ ಎಂದಿದೆಯಲ್ಲ’ ಎನ್ನುತ್ತೀರಿ. ಮದ್ರಾಸ್ ಹೈಕೋರ್ಟ್ 2023ರಲ್ಲಿ ಹಾಗೆ ಹೇಳಿದ್ದು ನಿಜ. ಆಟಕ್ಕೆ ಕೌಶಲ ಬೇಕು ಎಂದಿತೇ ಹೊರತು ನಿಮ್ಮಲ್ಲಿ ಅದಿದೆ ಎನ್ನಲಿಲ್ಲ. ಅದೇ ವರ್ಷದ ಅಕ್ಟೋಬರಿನಿಂದ ಆನ್‌ಲೈನ್ ಮೇಜಿಗೆ ಹಾಕಿದ ಹಣದ ಮೇಲೆ ಶೇಕಡಾ 28 ಜಿಎಸ್‌ಟಿ ಬಂತು. ನಿವ್ವಳ ಗೆಲುವಿನ ಮೇಲೆ ಶೇಕಡಾ 30 ಟಿಡಿಎಸ್ ಏಪ್ರಿಲ್‌ನಲ್ಲೇ ಬಂದಿತ್ತು. ಬೋನಸ್ ಸಿಕ್ಕಿತೆಂದು ಹಿಗ್ಗಿದವರು ಈ ತೆರಿಗೆಗಳನ್ನು ಕೂಡಿಸಿ ನೋಡಲೇ ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ, ಅದೃಷ್ಟ ಎಂಬ ಭೇದವನ್ನೇ ಬಿಟ್ಟು ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ದೇಶದ ದೊಡ್ಡ ಕಂಪನಿಗಳು ಹಣದ ಆಟಗಳನ್ನು ನಿಲ್ಲಿಸಿದವು. ಈಗ ನೀವು ಹುಡುಕುವ ವಿದೇಶಿ ಆ್ಯಪ್ ಗೆದ್ದ ಹಣ ಕೊಡದಿದ್ದರೆ ಯಾವ ಠಾಣೆಗೆ ಹೋಗುತ್ತೀರಿ?

ಲಿಮಿಟ್, ನೋ-ಲಿಮಿಟ್ ಮಾತು ಆಮೇಲೆ. ನಾಳೆ ಬ್ಯಾಂಕಿಗೆ ಹೋಗಿ ಒಂದು ವರ್ಷದ ಪಾಸ್‌ಬುಕ್ ಬರೆಸಿಕೊಂಡು ಬನ್ನಿ. ಆಟಕ್ಕೆ ಹೋದ ಹಣ ಒಂದು ಕಡೆ, ಬಂದದ್ದು ಇನ್ನೊಂದು ಕಡೆ ಬರೆದು ಕೂಡಿಸಿ. ಆ ಚೀಟಿಯನ್ನು ಮನೆಯಾಕೆಗೆ ತೋರಿಸುವ ಧೈರ್ಯವಿಲ್ಲದಿದ್ದರೆ ಆಟ ಬಿಡಿ.