ಮೊದಲ ಚಿಕಿತ್ಸೆ ಯಾರಿಗೆ?

ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ 2022ನೆಯ ಇಸವಿಯ ನವೆಂಬರಿನಲ್ಲಿ ನಡೆದ ಸಂಗತಿಯನ್ನು ಈ ಸೀಮೆಯ ಜನರು ಮರೆತಿರಲಾರರು. ತಮಿಳುನಾಡು ಮೂಲದ ಬಡ ಗರ್ಭಿಣಿಯೊಬ್ಬಳು ಹೆರಿಗೆಯ ಬೇನೆಯಿಂದ ನರಳುತ್ತ ನೆರೆಯವರ ಸಹಾಯದಿಂದ ಅಲ್ಲಿಗೆ ಬಂದಳು. ತಾಯಿ ಕಾರ್ಡೂ ಆಧಾರ್ ಕಾರ್ಡೂ ಇಲ್ಲವೆಂಬ ಕಾರಣದಿಂದ ಆಕೆಯನ್ನು ದಾಖಲು ಮಾಡಿಕೊಳ್ಳದೆ, ಬೆಂಗಳೂರಿಗೆ ಹೋಗೆಂದು ಹೇಳಿ ಕಳುಹಿಸಿದರೆಂದು ವರದಿಯಾಯಿತು. ಅಷ್ಟು ದೂರ ಹೋಗಲು ಆಕೆಯಲ್ಲಿ ಹಣವಿರಲಿಲ್ಲ. ಮನೆಗೆ ಹಿಂದಿರುಗಿದ ಆಕೆಯೂ ಆಕೆಯ ಅವಳಿ ಶಿಶುಗಳೂ ಮರುದಿನ ಅಸುನೀಗಿದರು. ಸರ್ಕಾರದವರು ವೈದ್ಯರನ್ನೂ ದಾದಿಯರನ್ನೂ ಅಮಾನತಿನಲ್ಲಿಟ್ಟರು. ತುರ್ತು ಚಿಕಿತ್ಸೆಗೆ ಯಾವ ಕಾರ್ಡೂ ಬೇಕಿಲ್ಲವೆಂದು ಆರೋಗ್ಯ ಸಚಿವರು ಸಾರಿದರು.

ಆಕೆಯು ತಮಿಳಳೆಂಬ ಕಾರಣದಿಂದಲೇ ಹಿಂದಕ್ಕೆ ಕಳುಹಿಸಿದರೆಂದು ನಾವು ಹೇಳುವುದಿಲ್ಲ. ಕೇಳಿದ್ದು ಕಾರ್ಡನ್ನು, ನಿಯಮವು ಎಲ್ಲರಿಗೂ ಒಂದೇ ಎಂದು ಅಧಿಕಾರಿವರ್ಗದವರು ಹೇಳಬಹುದು. ಆದರೆ ಕಾರ್ಡಿಲ್ಲದವರು ಯಾರು? ಊರಿನಲ್ಲಿ ಮನೆತನವೂ ಪರಿಚಯವೂ ಉಳ್ಳ ಗೃಹಸ್ಥರಲ್ಲ. ಹೊಟ್ಟೆಪಾಡಿಗಾಗಿ ಹೊರಗಿನಿಂದ ಬಂದವರು, ಅಲೆಮಾರಿಗಳು, ದಿಕ್ಕಿಲ್ಲದವರು. ಕಾಗದದ ಮೇಲೆ ಸಮವಾಗಿ ಕಾಣುವ ನಿಯಮವು ಆಸ್ಪತ್ರೆಯ ಬಾಗಿಲಲ್ಲಿ ಭೇದವಾಗಿ ಪರಿಣಮಿಸುವುದು ಹೀಗೆ. ಕನ್ನಡದ ಹಿರಿಮೆಯನ್ನು ಸಾರುವ ನಾವು, ಕನ್ನಡ ನೆಲವನ್ನು ನಂಬಿ ಬಂದ ಅನ್ಯಭಾಷೆಯ ಹೆಂಗಸಿಗಾದ ಈ ಅನ್ಯಾಯವನ್ನು ನಮ್ಮದೇ ಮಾನಹಾನಿಯೆಂದು ಎಣಿಸಬೇಕು.

ರೋಗಿಗಳು ಹಲವರು, ವೈದ್ಯರು ಕೆಲವರು. ಯಾರಾದರೂ ಕಾಯಲೇಬೇಕೆಂಬ ವಾದವನ್ನು ನಾವು ಒಪ್ಪುತ್ತೇವೆ. ಪ್ರಶ್ನೆಯಿರುವುದು ಸರದಿಯನ್ನು ನಿರ್ಣಯಿಸುವ ಬಗೆಯಲ್ಲಿ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯನಾದ ಲಾರೆಯು, ಪದವಿಯನ್ನೆಣಿಸದೆ ಗಾಯದ ತೀವ್ರತೆಯನ್ನು ನೋಡಿಯೇ ಮೊದಲಾರೆಂಬುದನ್ನು ನಿರ್ಧರಿಸತಕ್ಕದ್ದೆಂದು ಎರಡು ಶತಮಾನಗಳ ಹಿಂದೆಯೇ ವಿಧಿಸಿದನು. ಇಂದು ಟ್ರಯೇಜ್ ಎಂದು ಕರೆಯುವ ಪದ್ಧತಿಯ ಮೂಲತತ್ತ್ವವಿದು.

ತತ್ತ್ವವು ತಿಳಿದಿದ್ದ ಮಾತ್ರಕ್ಕೆ ಭೇದವು ಅಳಿಯುವುದಿಲ್ಲ. ಅಮೆರಿಕದ ಲಾಸ್ ಏಂಜಲೀಸಿನ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಕೈಕಾಲಿನ ಎಲುಬು ಮುರಿದು ಬಂದವರ ದಾಖಲೆಗಳನ್ನು ಪರಿಶೀಲಿಸಿ 1993ರಲ್ಲಿ ಪ್ರಕಟಿಸಿದರು. ನೋವಿನ ಔಷಧವೇ ದೊರೆಯದಿದ್ದವರು ಬಿಳಿಯರಲ್ಲಿ ನೂರಕ್ಕೆ 26 ಮಂದಿ. ಸ್ಪ್ಯಾನಿಷ್ ಮೂಲದವರಲ್ಲಿ ನೂರಕ್ಕೆ 55 ಮಂದಿ. ಅಲ್ಲಿನ ವೈದ್ಯರೆಲ್ಲರೂ ದ್ವೇಷಿಗಳೆಂದು ಇದರ ಅರ್ಥವಲ್ಲ. ಅವಸರದಲ್ಲಿ ಮನಸ್ಸು ತನಗರಿಯದಂತೆಯೇ ತನ್ನವರ ನರಳಾಟವನ್ನು ಹೆಚ್ಚಾಗಿಯೂ ಪರರದನ್ನು ಕಡಿಮೆಯಾಗಿಯೂ ಕೇಳಬಹುದು. ಲೆಕ್ಕವಿಟ್ಟುದರಿಂದ ಅಲ್ಲಿ ತಾರತಮ್ಯವು ಬೆಳಕಿಗೆ ಬಂದಿತು. ಲೆಕ್ಕವಿಲ್ಲದೆಡೆ ಸಾವು ಸಂಭವಿಸಿದಾಗ ಮಾತ್ರ ಸುದ್ದಿಯಾಗುತ್ತದೆ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ಜೀವವುಳಿಸುವುದು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ತೀರ್ಪಿತ್ತಿತು. ರೈಲಿನಿಂದ ಬಿದ್ದು ಗಾಯಗೊಂಡವನೊಬ್ಬನನ್ನು ಕಲ್ಕತ್ತೆಯ ಸರ್ಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲವೆಂದು ಒಂದರ ಮೇಲೊಂದು ಹಿಂದಕ್ಕೆ ಕಳುಹಿಸಿದ ಮೊಕದ್ದಮೆಯಲ್ಲಿ, 1996ರಲ್ಲಿ ಅದೇ ನ್ಯಾಯಾಲಯವು ಇದು ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು ಹೇಳಿ 25,000 ರೂಪಾಯಿಗಳ ಪರಿಹಾರವನ್ನು ಕೊಡಿಸಿತು. ಕೊರತೆಯಿರುವುದು ರಾತ್ರಿಯ ಹೊತ್ತಿನಲ್ಲಿ ಬಾಗಿಲ ಬಳಿ ಆ ಕಾನೂನನ್ನು ನಡೆಸುವವರದು.

ಅನಾಹುತವಾದ ಬಳಿಕ ಅಮಾನತು ಮಾಡುವುದು ಶಿಕ್ಷೆಯಾದೀತೇ ಹೊರತು ವ್ಯವಸ್ಥೆಯಾಗಲಾರದು. ಪ್ರತಿಯೊಂದು ತುರ್ತು ವಿಭಾಗದಲ್ಲಿಯೂ ರೋಗಿಯು ಬಂದ ಗಳಿಗೆ, ರೋಗದ ತೀವ್ರತೆ, ವೈದ್ಯರು ನೋಡಿದ ಗಳಿಗೆ ಇವನ್ನು ರಿಜಿಸ್ಟರಿನಲ್ಲಿ ಬರೆಯತಕ್ಕದ್ದು. ಹೆಸರು, ಊರು, ಕಾರ್ಡುಗಳ ವಿಚಾರಣೆ ಚಿಕಿತ್ಸೆ ಮೊದಲಾದ ಮೇಲೆ ನಡೆಯಲಿ. ಯಾರನ್ನಾದರೂ ಬೇರೆಡೆಗೆ ಕಳುಹಿಸುವುದಾದರೆ ಕಾರಣವನ್ನು ಬರೆದು, ಸಹಿ ಮಾಡಿ, ಆಸ್ಪತ್ರೆಯ ವಾಹನದಲ್ಲಿಯೇ ಕಳುಹಿಸಲಿ. ಯಾವ ಭಾಷೆಯವರು, ಯಾವ ಜನಾಂಗದವರು ಎಷ್ಟು ಹೊತ್ತು ಕಾದರೆಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಲಿ.

ನಿಟ್ಟೂರು, ಗುಬ್ಬಿ, ಕುಣಿಗಲುಗಳ ಬಡವರಿಗೂ ಕಷ್ಟಕಾಲದಲ್ಲಿ ದೊಡ್ಡ ಆಸರೆ ತುಮಕೂರಿನ ಆ ಆಸ್ಪತ್ರೆಯೇ. ಇಂದು ಪರಸ್ಥಳದವಳಿಗೆ ಮುಚ್ಚಿದ ಬಾಗಿಲು ನಾಳೆ ನಿಟ್ಟೂರಿನ ಕೂಲಿಯವನಿಗೆ ತೆರೆದಿರುವುದೆಂದು ಯಾರು ಭರವಸೆ ಕೊಡಬಲ್ಲರು? ಸರ್ಕಾರದವರು ಮತ್ತೊಂದು ಸಾವನ್ನು ಕಾಯದೆ ಈ ಏರ್ಪಾಡನ್ನು ಜಾರಿಗೆ ತರಬೇಕೆಂದು ನಾವು ಒತ್ತಾಯಪಡಿಸುತ್ತೇವೆ.